‘ಟೇಕ್’ ಬಂದಲ್ಲೆಲ್ಲ ‘ತೆಗೆದುಕೊಳ್ಳು’ ಬರೆಯಬೇಡಿ

ಇಂಗ್ಲಿಷಿನ ‘ಟೇಕ್’ ಕಂಡರೆ ಮೊದಲು ಅದರ ಜೊತೆಗೆ ಬಂದ ಪದ ನೋಡಿ. ಬಸ್ಸಾದರೆ ಕನ್ನಡದಲ್ಲಿ ‘ಹತ್ತು’. ಮಂಗಳೂರಿನ ಸ್ಟೇಟ್‌ಬ್ಯಾಂಕ್‌ ಬಸ್ ನಿಲ್ದಾಣದಲ್ಲಿ ‘ಉಡುಪಿ ಬಸ್ಸು ತೆಗೆದುಕೊಳ್ಳಿ’ ಅಂದರೆ ಬಸ್ಸನ್ನೇ ಕೊಳ್ಳಲು ಹೇಳಿದ ಹಾಗಾಗುತ್ತದೆ. ಸಿರಪ್‌ ಆದರೆ ‘ಕುಡಿ’, ಹೊತ್ತಾದರೆ ‘ಬೇಕು’: ಉಡುಪಿಗೆ ಒಂದೂವರೆ ಗಂಟೆ ಬೇಕು. ವಸ್ತುವನ್ನು ತೆಗೆದುಕೊಂಡು ಹೋಗುತ್ತೇವೆ, ಮಗುವನ್ನು ಕರೆದುಕೊಂಡು ಹೋಗುತ್ತೇವೆ. ಇಂಗ್ಲಿಷಿಗೆ ಎರಡೂ ‘ಟೇಕ್’.

‘ಟೇಕ್ ಆಫ್’ ಕೂಡ ಹಾಗೆಯೇ. ಬಜ್ಪೆಯಲ್ಲಿ ವಿಮಾನ ಮೇಲೇರುತ್ತದೆ, ಕೃಷ್ಣಮಠದೊಳಗೆ ಹೋಗುವಾಗ ಗಂಡಸರು ಅಂಗಿ ತೆಗೆಯುತ್ತಾರೆ. ತುಳು ಬಲ್ಲವರಿಗೆ ಇದು ಸುಲಭ. ‘ದೆಪ್ಪು’ ಬೇರೆ, ‘ದೆತೊನು’ ಬೇರೆ. ಕನ್ನಡದ ‘ತೆಗೆ’, ‘ತಗೋ’ ಇದ್ದ ಹಾಗೆ.

‘ಟೇಕ್’ ಪದ ಇಂಗ್ಲಿಷಿನ ಸ್ವಂತದ್ದಲ್ಲ. ವೈಕಿಂಗರ ಹಳೆಯ ನಾರ್ಸ್ ಭಾಷೆಯ ‘ತಾಕ’ದಿಂದ ಬಂದದ್ದು. ನಮ್ಮ ‘ತಾಗು’ವಿನಂತೆ ಕೇಳಿಸಿದರೂ ನಂಟಿಲ್ಲ. ಮೊದಲು ಆ ಜಾಗದಲ್ಲಿದ್ದದ್ದು ‘ನಿಮನ್’, ಜರ್ಮನ್ನಿನ ‘ನೇಮನ್’ ಅದರ ಬಳಗದ್ದೇ. ‘ತಾಕ’ ಬಂದು ‘ನಿಮನ್’ ಅನ್ನು ಹೊರಗೆ ಹಾಕಿತು. ಅದರ ಕುರುಹು ‘ನಂಬ್’ ಪದದಲ್ಲಿ ಉಳಿದಿದೆ: ಜೋಮು ಹಿಡಿದ ಕೈ, ಅಂದರೆ ಏನೋ ‘ಹಿಡಿದುಕೊಂಡ’ ಕೈ. ಬಹಳ ಚಂದದ ಪಳೆಯುಳಿಕೆ ಇದು.

ರೂಪಗಳು ಮೂರು: ಟೇಕ್, ಟುಕ್, ಟೇಕನ್. ‘ಟುಕ್’ ಹ್ರಸ್ವ, ‘ಟೂಕ್’ ಅಲ್ಲ. ‘ಹ್ಯಾವ್’ ನಂತರ ‘ಟೇಕನ್’ ಮಾತ್ರ. ‘ಹ್ಯಾವ್ ಟುಕ್’ ತಪ್ಪು.

ನಾವು ಹೆಚ್ಚು ಎಡವುವುದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ. ‘ರೆಸ್ಟ್ ತಗೊಳ್ಳಿ’ ಎಂಬುದನ್ನು ‘ಟೇಕ್ ರೆಸ್ಟ್’ ಮಾಡುತ್ತೇವೆ. ನಡುವೆ ‘ಎ’ ಬೇಕು, ಇಲ್ಲವಾದರೆ ಬರೇ ‘ರೆಸ್ಟ್’ ಸಾಕು. ‘ಟೇಕ್ ಎ ಫೋಟೋ’, ‘ಟೇಕ್ ಎ ಸೀಟ್’ ಎಂಬಲ್ಲಿಯೂ ಆ ‘ಎ’ಯನ್ನು ಬಿಡುತ್ತೇವೆ, ಏಕೆಂದರೆ ಕನ್ನಡದಲ್ಲಿ ಅದಕ್ಕೆ ಸಮನಾದದ್ದು ಇಲ್ಲ.

ಕ್ಲಾಸಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ‘ಸರ್ ಕ್ಲಾಸ್ ತಗೊಳ್ತಾರೆ’ ಅಂದರೆ ನಮಗೆ ಪಾಠ ಮಾಡುತ್ತಾರೆ ಎಂದರ್ಥ, ಆದರೆ ಅಮೆರಿಕದವರಿಗೆ ‘ಟೇಕ್ ಎ ಕ್ಲಾಸ್’ ಎಂದರೆ ಕಲಿಯುವುದು. ಅವರೊಡನೆ ಮಾತಾಡುವಾಗ ‘ಟೀಚ್’ ಅನ್ನಿ. ‘ಪರೀಕ್ಷೆ ಬರೆದೆ’ ಅನ್ನುವಲ್ಲಿಯೂ ‘ರೋಟ್’ ಬಿಟ್ಟು ‘ಟುಕ್’ ಬಳಸಿ.

‘ಬ್ರಿಂಗ್’ ಮತ್ತು ‘ಟೇಕ್’ ನಡುವೆ ಸಂಶಯ ಬಂದರೆ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಮಣಿಪಾಲಕ್ಕೆ ಬರುವಾಗ ಕೊಡೆ ತಗೊಂಡು ಬಾ’: ಬ್ರಿಂಗ್. ‘ಹೊರಗೆ ಮಳೆ ಉಂಟು, ಕೊಡೆ ತಗೊಂಡು ಹೋಗು’: ಟೇಕ್.