ಕುರಿ ನಿಂತಲ್ಲಿ ಇಳಿಯಬಹುದು

ಜುಲೈನ ಜಿಟಿಜಿಟಿ ಮಳೆಯಲ್ಲಿ, ಹೊರಗೆ 22 ಡಿಗ್ರಿ ಇರುವಾಗ, ವಿಮಾನದ ಎಂಜಿನ್‌ ಒಳಗೆ ಐಸ್ ಕಟ್ಟುತ್ತದೆ ಅಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಕಟ್ಟುತ್ತದೆ. ಇಂಜೆಕ್ಷನ್‌ಗೆ ಮುಂಚೆ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ವಾ, ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್‌ನಲ್ಲೂ ಅದೇ ಕಥೆ. ಪೆಟ್ರೋಲ್ ಆವಿಯಾಗುತ್ತದೆ, ಕಿರಿದಾದ ಜಾಗದಲ್ಲಿ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಉಷ್ಣತೆ 20 ಡಿಗ್ರಿಗಿಂತ ಜಾಸ್ತಿ ಬೀಳಬಹುದು. ಗಾಳಿಯಲ್ಲಿನ ತೇವ ಅಲ್ಲೇ ಹೆಪ್ಪುಗಟ್ಟಿ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ.

ನಾನು ಹಾರಾಟ ಕಲಿಸುವವನು. ಹುಟ್ಟಿದ್ದು ಅಣ್ಣಿಗೇರಿ ಕಡೆಯ ಒಕ್ಕಲುತನದ ಮನೆಯಲ್ಲಿ. ಅವತ್ತು ಸೆಸ್ನಾ 152 ಅನ್ನುವ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ವಿದ್ಯಾರ್ಥಿಯೊಬ್ಬನ ಜೊತೆ ಗದಗ ದಾಟಿ ಹುಬ್ಬಳ್ಳಿಗೆ ಹೊರಟಿದ್ದೆ. ಮೋಡ ಕೆಳಗಿತ್ತು, ಹಾಗಾಗಿ 4,500 ಅಡಿಯಲ್ಲೇ ಹಾರುತ್ತಿದ್ದೆವು. ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ ಎತ್ತರ. ಇಲ್ಲಿ ನೆಲವೇ ಸುಮಾರು 2,200 ಅಡಿ ಎತ್ತರದಲ್ಲಿದೆ. ಅಂದರೆ ಕೈಯಲ್ಲಿದ್ದದ್ದು 2,300 ಅಡಿ ಅಷ್ಟೇ. ಎಂಜಿನ್ ಪೂರ್ತಿ ನಿಂತರೆ ಈ ವಿಮಾನ ಸಾವಿರ ಅಡಿಗೆ ಮೂರು ಕಿಲೋಮೀಟರ್‌ಗಿಂತ ತುಸು ಕಡಿಮೆ ತೇಲುತ್ತದೆ, ಅದೂ ಎದುರು ಗಾಳಿ ಇಲ್ಲದಿದ್ದರೆ. ಮಳೆಗಾಲದಲ್ಲಿ ಹುಬ್ಬಳ್ಳಿ ಕಡೆ ಹೊರಟವನಿಗೆ ಎದುರು ಗಾಳಿ ಇದ್ದೇ ಇರುತ್ತದೆ.

ಮೊದಲು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಸುಮ್ನೆ ನೂರು ಇಳಿಯಿತು. ಹುಡುಗ ಥ್ರಾಟಲ್ ತುಸು ಒತ್ತಿದ. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಆಮೇಲೆ ನಡುಕ ಶುರುವಾಯಿತು.

"ಸರ್, ಇಂಜಿನ್ ಯಾಕೋ ಹಿಡಿಯವಲ್ತು."

ಕಂಟ್ರೋಲ್ ನಾನು ತೆಗೆದುಕೊಂಡೆ. ಮೂತಿ ಎತ್ತಿ ವೇಗವನ್ನು 60 ನಾಟ್‌ಗೆ ತಂದೆ, ಈ ವಿಮಾನ ಅತಿ ದೂರ ತೇಲುವ ವೇಗ ಅದು. ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ಹೀಟ್‌ನ ಗುಬ್ಬಿಯನ್ನು (ನಾಬ್) ಪೂರ್ತಿ ಹೊರಗೆ ಎಳೆದೆ. ಎಂಜಿನ್ ಇನ್ನೂ ಕೆಟ್ಟಿತು! ಗಡಗಡ ಅಂತ ಕೆಮ್ಮಿತು, ಆರ್‌ಪಿಎಂ ಮುಳ್ಳು 1,800ಕ್ಕೆ ಬಂತು, ಡ್ಯಾಶ್‌ಬೋರ್ಡ್ ಅದುರತೊಡಗಿತು. ಕರಗಿದ ಐಸ್ ನೀರಾಗಿ ಸಿಲಿಂಡರ್‌ಗೆ ಹೋಗುವಾಗ ಆಗುವುದೇ ಹೀಗೆ. ಹುಡುಗನ ಕೈ ಗುಬ್ಬಿಯ ಕಡೆ ಬಂತು, ವಾಪಸ್ ಒಳಗೆ ದೂಡಲಿಕ್ಕೆ. "ಒತ್ತಬ್ಯಾಡೋ ತಮ್ಮಾ, ಹಂಗ ಇರಲಿ" ಅಂದೆ. ಗುಬ್ಬಿಯನ್ನು ಆಗ ಒಳಗೆ ಒತ್ತಿದರೆ ಬಿಸಿ ಗಾಳಿ ನಿಂತು ಐಸ್ ಮತ್ತೆ ಕಟ್ಟುತ್ತದೆ.

ಐಸೋ ಬೇರೆ ಏನೋ ಅಂತ ಆ ಹೊತ್ತಿಗೆ ಖಾತ್ರಿ ಇರುವುದಿಲ್ಲ. ಅದಕ್ಕೇ ಎಂಜಿನ್ ಸುಧಾರಿಸುವುದಿಲ್ಲ ಅಂತಲೇ ಲೆಕ್ಕ ಹಾಕಿ ಇಳಿಯುವ ಜಾಗ ಹುಡುಕಿದೆ. ಒಕ್ಕಲುತನ ಉಪಯೋಗಕ್ಕೆ ಬಂದದ್ದು ಇಲ್ಲಿ. ಮೇಲಿನಿಂದ ನೋಡಿದರೆ ಎಲ್ಲವೂ ಚಪ್ಪಟೆ, ಎಲ್ಲವೂ ರನ್‌ವೇ ಥರ. ಆದರೆ ಕಣ್ಣಿಗೆ ಚಂದ ಕಂಡ ಕರಿ ಎರೆಮಣ್ಣಿನ ಹೊಲ ಜುಲೈನಲ್ಲಿ ಗಾಳ. ನೆನೆದ ಎರೆಯಲ್ಲಿ ಮುಂದಿನ ಗಾಲಿ ಹೂತರೆ ವಿಮಾನ ಅಂಗಾತ ಮಗುಚುತ್ತದೆ. ಹೆಸರಿನ ಬೆಳೆ ಇದ್ದ ಹೊಲಗಳೂ ಅದೇ ಎರೆ. 2023ರ ಮೇ ಕೊನೆಯಲ್ಲಿ ಬೆಳಗಾವಿಯ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನ ಹೊನ್ನಿಹಾಳದ ಹೊಲದಲ್ಲಿ ಇಳಿದು ಒಳಗಿದ್ದವರು ಬದುಕಿಕೊಂಡರು. ಅದು ಬಿತ್ತನೆಗೆ ಮುಂಚಿನ ತಿಂಗಳು. ನಮ್ಮದು ಜುಲೈ.

ಹುಬ್ಬಳ್ಳಿ-ಗದಗ ಹೈವೇ ಎಡಕ್ಕೆ ಕಾಣುತ್ತಿತ್ತು. ರಸ್ತೆ ಅಂದರೆ ಲಾರಿ, ಗಿಡ, ಅಡ್ಡ ಹಾಯುವ ಕರೆಂಟಿನ ತಂತಿ. ತಂತಿ ಮೇಲಿನಿಂದ ಕಾಣುವುದೇ ಇಲ್ಲ, ಕಂಬ ನೋಡಿ ಊಹಿಸಬೇಕು. ಬೇಡ ಅಂದುಕೊಂಡೆ.

ಬಲಗಡೆ ಒಂದು ಊರಿನ ಹೊರಗೆ ಹಸಿರು ಖುಲ್ಲಾ ಜಾಗ. ಅದರ ಒಂದು ಮೂಲೆಯಲ್ಲಿ ಬಿಳಿ-ಕರಿ ಚುಕ್ಕಿಗಳು, ಕುರಿ ಹಿಂಡು. ಮಳೆಗಾಲದಲ್ಲಿ ಕುರಿ ಕಾಯುವವರು ಹಿಂಡನ್ನು ಹಸಿ ಎರೆಗೆ ಬಿಡುವುದಿಲ್ಲ, ಗೊರಸು ಹೂಳುತ್ತವೆ. ಕುರಿ ಮೇಯುತ್ತಿವೆ ಅಂದರೆ ನೆಲ ಗಟ್ಟಿ, ಬೆಳೆ ಇಲ್ಲ. ಗಾಳಿಯ ದಿಕ್ಕಿಗೆ ಗದಗ ಕಡೆಯ ಗಾಳಿಯಂತ್ರಗಳನ್ನು ಬರುವಾಗಲೇ ನೋಡಿಟ್ಟುಕೊಂಡಿದ್ದೆ. ಅವು ಗಾಳಿಗೆ ಮುಖ ಕೊಟ್ಟೇ ತಿರುಗುತ್ತವೆ. ಎಲ್ಲವೂ ಪಶ್ಚಿಮಕ್ಕೆ. ಅಂದರೆ ಪೂರ್ವದಿಂದ ಬಂದು ಕುರಿಗಳನ್ನು ಬಲಕ್ಕೆ ಬಿಟ್ಟು ಇಳಿಯಬೇಕು. ಹುಬ್ಬಳ್ಳಿ ಮುಟ್ಟುವ ಆಸೆ ಅಲ್ಲಿಗೇ ಬಿಟ್ಟೆ. ಆ ಜಾಗದ ನೆತ್ತಿಯ ಮೇಲೇ ಸುತ್ತು ಹೊಡೆಯುತ್ತಾ ಇಳಿಯತೊಡಗಿದೆ. ರೇಡಿಯೋದಲ್ಲಿ ಹೇಳಿದ್ದು ಇದೆಲ್ಲ ಆದಮೇಲೆ: ಮೇಡೇ, ನಾವೆಲ್ಲಿದ್ದೇವೆ, ಇಬ್ಬರಿದ್ದೇವೆ. ನೆಲದ ರೇಡಾರ್‌ಗೆ ನಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ಗೆ 7700 ಹಾಕಿದೆ, ಅದು ಅಪಾಯದ ಸಂಕೇತ. ಹುಡುಗನಿಗೆ ಬೆಲ್ಟ್ ಬಿಗಿದುಕೊಳ್ಳಲು ಹೇಳಿದೆ. ಕೊನೆಯ ಹಂತದಲ್ಲಿ ಬಾಗಿಲಿನ ಚಿಲಕ ತೆಗೆದಿಡಬೇಕು ಅಂತಲೂ ಹೇಳಿದೆ, ಇಳಿದ ಏಟಿಗೆ ಚೌಕಟ್ಟು ಸೊಟ್ಟಗಾದರೆ ಬಾಗಿಲು ತೆರೆಯುವುದಿಲ್ಲ.

ನೆಲದಿಂದ 1,400 ಅಡಿ ಇರುವಾಗ ಕೆಮ್ಮು ನಿಂತಿತು. ಮುಳ್ಳು ನಿಧಾನಕ್ಕೆ ಮೇಲೆ ಹೋಯಿತು. ತಕ್ಷಣ ಹುಬ್ಬಳ್ಳಿ ಕಡೆ ಓಡಲಿಲ್ಲ. ಕುರಿಗಳ ಮೇಲೆಯೇ ಸುತ್ತುತ್ತಾ ಎತ್ತರ ಗಳಿಸಿ, ಎಂಜಿನ್ ಒಂದೇ ಸಮ ಓಡುವುದನ್ನು ಕೇಳಿಸಿಕೊಂಡು ಆಮೇಲೆ ಹೊರಟೆ. ಹೀಟ್ ಹಾಕಿಕೊಂಡೇ ಪಶ್ಚಿಮ ದಿಕ್ಕಿನ ರನ್‌ವೇ 26ರಲ್ಲಿ ಇಳಿದೆವು.

ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ನೋಡಿದರು. ಏನೂ ಇಲ್ಲ. ಇರುವುದೂ ಇಲ್ಲ, ಐಸ್ ಕರಗಿ ಹೋಗಿರುತ್ತದೆ. ಪೆಟ್ರೋಲ್‌ನಲ್ಲಿ ನೀರಿತ್ತಾ ಅಂತಲೂ ನೋಡಿದರು, ಇರಲಿಲ್ಲ. ವರದಿಯಲ್ಲಿ ಹೊರಗಿನ ಉಷ್ಣತೆ, ಮೋಡದ ಎತ್ತರ, ಹೀಟ್ ಎಳೆದ ಮೇಲೆ ಎಂಜಿನ್ ಮೊದಲು ಕೆಟ್ಟು ಆಮೇಲೆ ಸುಧಾರಿಸಿದ್ದು ಬರೆದೆ. ಕುರಿ ವಿಷಯವನ್ನೂ ಬರೆದೆ. ಓದಿದ ಹಿರಿಯರು ಅದನ್ನು ಕೆಂಪು ಇಂಕಿನಲ್ಲಿ ಹೊಡೆದು, ಪಕ್ಕದಲ್ಲಿ 'ಗಟ್ಟಿ ನೆಲ' ಅಂತ ತಿದ್ದಿದರು.