ಕಾರಿನ ಇನ್ಶೂರೆನ್ಸ್ ಪಾಲಿಸಿ ಓದುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಘಟಪ್ರಭೆಗೆ ಮಹಾಪೂರ ಬಂದಾಗ ಮುಧೋಳದ ಹತ್ತಿರದ ನಮ್ಮ ಮಾಮಾನ ಊರಿಗೂ ನೀರು ಹೊಕ್ಕಿತ್ತು. ಅವರ ಕಾರು ಎರಡು ದಿನ ನೀರಲ್ಲೇ ನಿಂತಿತ್ತು. ನೀರು ಇಳಿದ ಮೇಲೆ ಮಾಮಾ ಒಳಗಿನ ರಾಡಿ ಬಳಿದು, ಸೀಟು ಒರೆಸಿ, ಚಾವಿ ತಿರುಗಿಸಿದರು. ಎಂಜಿನ್ ಒಮ್ಮೆ ನರಳಿ ನಿಂತುಬಿಟ್ಟಿತು. ಇನ್ನೊಮ್ಮೆ ತಿರುಗಿಸಿದರು. ಒಳಗೆ ಏನೋ ಕಟ್ ಅಂದಿತು.

ಗ್ಯಾರೇಜಿನಲ್ಲಿ, ಹಾನಿ ಲೆಕ್ಕ ಹಾಕಲು ಇನ್ಶೂರೆನ್ಸ್ ಕಂಪನಿ ಕಳಿಸಿದ ಸರ್ವೇಯರ್ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿದಾಗ ಕದಡಿದ ನೀರು ಬೂಟಿನ ಮೇಲೆ ಸುರಿಯಿತು. ಅವರು ಫೋಟೊ ತೆಗೆದುಕೊಂಡು, ‘ನೀರು ಹೊಕ್ಕ ಮ್ಯಾಲೆ ಸ್ಟಾರ್ಟ್ ಮಾಡೀರಿ. ಎಂಜಿನ್ ಖರ್ಚು ಇದರಾಗ ಬರೂದಿಲ್ರೀ’ ಅಂದರು. ‘ಫುಲ್ ಇನ್ಶೂರೆನ್ಸ್ ಐತೆಲ್ರೀ ಸಾಹೇಬ್ರ?’ ಎಂದು ಮಾಮಾ ಕೇಳಿದ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ಒಳಗಿನ ಸೀಟು, ವೈರಿಂಗಿನ ದುಡ್ಡು ಬಂತು. ಎಂಜಿನ್ ಖರ್ಚು ಮಾತ್ರ ಅವರ ಜೇಬಿನಿಂದಲೇ ಹೋಯಿತು.

ಏಜೆಂಟ್ ಫೋನ್ ಮಾಡುತ್ತಾರೆ, ದುಡ್ಡು ಕಳಿಸುತ್ತೇವೆ, ವಾಟ್ಸ್‌ಆ್ಯಪ್‌ಗೆ ಪಿಡಿಎಫ್ ಬರುತ್ತದೆ. ಅದನ್ನು ಯಾರು ತೆರೆದು ನೋಡುತ್ತಾರೆ, ಅಲ್ವಾ? ಇವತ್ತು ತೆರೆಯಿರಿ. ಮುಂದಿಟ್ಟುಕೊಂಡೇ ಓದೋಣ.

ಪಾಲಿಸಿ ಯಾವ ಬಗೆಯದು?

ಪಾಲಿಸಿಯ ಹೆಸರು ಮೊದಲ ಪುಟದ ಮೇಲೇ ಇರುತ್ತದೆ. ‘ಥರ್ಡ್ ಪಾರ್ಟಿ’ ಅಥವಾ ‘ಲಯಬಿಲಿಟಿ ಓನ್ಲಿ’ ಎಂದಿದ್ದರೆ ಅದು ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗೆ ಮಾತ್ರ. ಜೀವ ಹೋದರೆ, ಗಾಯವಾದರೆ ಕೋರ್ಟು ಹೇಳಿದಷ್ಟು ಪರಿಹಾರವನ್ನು ಕಂಪನಿ ಕೊಡುತ್ತದೆ, ಅದಕ್ಕೆ ಮಿತಿ ಇಲ್ಲ. ಬೇರೆಯವರ ಗಾಡಿ, ಗೋಡೆ, ಅಂಗಡಿಗಾದರೆ ₹7.5 ಲಕ್ಷದವರೆಗೆ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಇದನ್ನೇ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ ₹2,000 ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ದೊಡ್ಡದಲ್ಲ. ಆದರೆ ಅಪಘಾತದಲ್ಲಿ ಒಬ್ಬರ ಜೀವ ಹೋದರೆ ಬರುವ ಪರಿಹಾರದ ಆದೇಶಕ್ಕೆ ಹೊಲ ಮಾರಬೇಕಾಗುತ್ತದೆ.

ಕಬ್ಬಿನ ಸೀಜನ್ನಿನಲ್ಲಿ ರಾತ್ರಿ ಜಮಖಂಡಿ ರಸ್ತೆಯಲ್ಲಿ ಹೋಗುತ್ತಿದ್ದೀರಿ. ಹಿಂದೆ ದೀಪ ಇಲ್ಲದ ಟ್ರೇಲರ್ ಕಾಣಲಿಲ್ಲ, ಗುದ್ದಿದಿರಿ. ನಿಮ್ಮ ಬಾನೆಟ್ಟು, ಹೆಡ್‌ಲೈಟು ರಿಪೇರಿಗೆ ಥರ್ಡ್ ಪಾರ್ಟಿ ಪಾಲಿಸಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅದಕ್ಕೆ ‘ಓನ್ ಡ್ಯಾಮೇಜ್’ ಬೇಕು. ಎರಡೂ ಸೇರಿದ್ದನ್ನೇ ನಾವು ಫುಲ್ ಇನ್ಶೂರೆನ್ಸ್ ಅನ್ನುವುದು.

ಹೊಸ ಕಾರು ತೆಗೆದುಕೊಂಡವರು ಇಲ್ಲೊಂದು ಸಲ ನಿಲ್ಲಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು. ಓನ್ ಡ್ಯಾಮೇಜ್ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದಿರುತ್ತದೆ. ‘ಮೂರು ವರ್ಷ ಚಿಂತಿ ಇಲ್ಲ’ ಅಂದುಕೊಂಡು ಎರಡನೇ ವರ್ಷ ಸುಮ್ನೆ ಕೂತವರನ್ನು ನಾನೇ ನೋಡಿದ್ದೇನೆ. ಪಾಲಿಸಿಯಲ್ಲಿ ಎರಡಕ್ಕೂ ಬೇರೆ ಬೇರೆ ಕೊನೆಯ ದಿನ ಬರೆದಿರುತ್ತದೆ. ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಐಡಿವಿ ಎಷ್ಟಿದೆ?

ಐಡಿವಿ ಅಂದರೆ ಪಾಲಿಸಿಯಲ್ಲಿ ನಿಮ್ಮ ಕಾರಿಗೆ ಕಟ್ಟಿದ ಬೆಲೆ. ಕಾರು ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ನಿಮಗೆ ಸಿಗುವ ದುಡ್ಡು ಇದರ ಲೆಕ್ಕದಲ್ಲೇ. ಕಾರು ಹಳೆಯದಾದಂತೆ ಇದು ಇಳಿಯುತ್ತದೆ: ಒಂದರಿಂದ ಎರಡು ವರ್ಷದ ಕಾರಿಗೆ ಶೇ 20 ಕಡಿತ, ಮೂರರಿಂದ ನಾಲ್ಕು ವರ್ಷದ್ದಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50. ₹8 ಲಕ್ಷದ ಮಾಡೆಲ್‌ಗೆ ಮೂರೂವರೆ ವರ್ಷವಾಗಿದ್ದರೆ ಐಡಿವಿ ಸುಮಾರು ₹4.8 ಲಕ್ಷ ಇರಬೇಕು. ಯಾರಾದರೂ ತೀರಾ ಕಡಿಮೆ ಪ್ರೀಮಿಯಂ ಹೇಳಿದರೆ ಮೊದಲು ಐಡಿವಿ ಎಷ್ಟು ಹಾಕಿದ್ದಾರೆ ಎಂದು ನೋಡಿ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ, ಅದರಲ್ಲಿ ಚೌಕಾಶಿ ನಡೆಯುವುದಿಲ್ಲ. ಹಾಗಾಗಿ ಕಡಿಮೆ ಮಾಡುವುದೇನಿದ್ದರೂ ಓನ್ ಡ್ಯಾಮೇಜ್ ಭಾಗದಲ್ಲೇ.

ಬಿಲ್ಲು ಪೂರ್ತಿ ಯಾಕೆ ಬರುವುದಿಲ್ಲ?

ಕ್ಲೇಮ್ ಮಾಡಿದಾಗ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ ಅರ್ಧ ದುಡ್ಡು ಮಾತ್ರ. ಗಾಜಿಗೆ ಪೂರ್ತಿ. ಕಬ್ಬಿಣದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ. ₹8,000ದ ಬಂಪರ್‌ಗೆ ₹4,000 ಸಿಕ್ಕರೆ ಮೋಸವಾಯಿತು ಅನ್ನಬೇಡಿ, ನಿಯಮವೇ ಹಾಗಿದೆ. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ಗೂ ₹1,000 ನಾವೇ ಹಾಕಬೇಕು. ‘ಜೀರೊ ಡೆಪ್’ ಎಂಬ ಆ್ಯಡ್-ಆನ್ (ಹೆಚ್ಚುವರಿ ದುಡ್ಡು ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆ) ತೆಗೆದುಕೊಂಡಿದ್ದರೆ ಬಂಪರಿನ ಅರ್ಧ ಕಡಿತ ಇರುವುದಿಲ್ಲ. ಐದು ವರ್ಷದೊಳಗಿನ ಕಾರಿಗೆ ಅದು ಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಆ್ಯಡ್-ಆನ್ ‘ಎಂಜಿನ್ ಪ್ರೊಟೆಕ್ಟ್’, ನೀರು ಹೊಕ್ಕು ಎಂಜಿನ್ ಕೆಟ್ಟರೆ ಅದರ ಖರ್ಚಿಗೆ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರಿನವರು ಇದನ್ನು ಬಿಡಲೇಬೇಡಿ. ಎಂಜಿನ್ನಿನೊಳಗೆ ಗಾಳಿ ಒತ್ತುವ ಜಾಗಕ್ಕೆ ನೀರು ಹೋದರೆ, ನೀರನ್ನು ಒತ್ತಲು ಆಗುವುದಿಲ್ಲ, ಪಿಸ್ಟನ್ನಿನ ರಾಡೇ ಬಾಗುತ್ತದೆ. ಮಾಮಾನ ಕಾರಿನಲ್ಲಿ ಕಟ್ ಅಂದದ್ದು ಅದೇ. ಫುಲ್ ಇನ್ಶೂರೆನ್ಸಿನಲ್ಲಿ ನೆರೆಯ ಹಾನಿ ಸೇರಿದ್ದರೂ, ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯನ್ನು ಕಂಪನಿಗಳು ಬೇರೆಯಾಗಿ ನೋಡುತ್ತವೆ. ಕಾರು ನೀರಲ್ಲಿ ನಿಂತಿದ್ದರೆ ಚಾವಿ ಮುಟ್ಟಬೇಡಿ. ನೀರು ಎಲ್ಲಿವರೆಗೆ ಬಂದಿತ್ತು ಎಂದು ಕಾಣುವಂತೆ ಫೋಟೊ ತೆಗೆಯಿರಿ, ಕಂಪನಿಗೆ ಫೋನ್ ಮಾಡಿ, ಟೋ ಮಾಡಿಸಿ ಗ್ಯಾರೇಜಿಗೆ ಒಯ್ಯಿರಿ. ಸರ್ವೇಯರ್ ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ.

ಸಣ್ಣ ಗೀಚಿಗೂ ಕ್ಲೇಮ್ ಬೇಕಾ?

ಕ್ಲೇಮ್ ಇಲ್ಲದ ವರ್ಷಗಳಿಗೆ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ಎಂಬ ರಿಯಾಯಿತಿ ಇದೆ. ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಶೇ 50 ತಲುಪಿದವರಾದರೆ, ಓನ್ ಡ್ಯಾಮೇಜ್ ಪ್ರೀಮಿಯಂ ₹10,000 ಇದ್ದರೆ ನೀವು ₹5,000 ಕಟ್ಟುತ್ತೀರಿ. ಬಾಗಿಲಿನ ₹3,000 ರಿಪೇರಿಗೆ ಕ್ಲೇಮ್ ಮಾಡಿದರೆ ಕೈಗೆ ಬರುವುದು ಹೆಚ್ಚೆಂದರೆ ₹2,000, ಮುಂದಿನ ವರ್ಷ ₹5,000 ಜಾಸ್ತಿ ಕಟ್ಟಬೇಕು. ಆ ಮೇಲೆ ಮತ್ತೆ ಶೇ 20ರಿಂದಲೇ ಏರಬೇಕು. ಅಂಥ ಗೀಚನ್ನು ಸ್ವಂತ ದುಡ್ಡಿನಲ್ಲಿ ಸರಿ ಮಾಡಿಸಿ. ಪಾಲಿಸಿ ಮುಗಿದು 90 ದಿನ ದಾಟಿದರೂ ಎನ್‌ಸಿಬಿ ಹೋಗುತ್ತದೆ. ಅದು ಕಾರಿನದ್ದಲ್ಲ, ಮಾಲೀಕರದ್ದು. ಹಳೇ ಕಾರು ಮಾರಿದರೆ ಹೊಸ ಕಾರಿಗೆ ತಂದುಕೊಳ್ಳಬಹುದು.

ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದೀರಾ?

ಆರ್‌ಸಿ ಹೆಸರು ಬದಲಾದರೆ ಸಾಲದು. ಕಾರು ಕೊಂಡ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಪಾಲಿಸಿ ಹಳೆಯ ಮಾಲೀಕರ ಹೆಸರಲ್ಲೇ ಉಳಿದರೆ ನಿಮ್ಮ ಕಾರಿನ ಹಾನಿಗೆ ಕ್ಲೇಮ್ ಸಿಗುವುದಿಲ್ಲ. ಜೊತೆಗೆ ಮಾಲೀಕ-ಚಾಲಕರ ₹15 ಲಕ್ಷದ ಅಪಘಾತ ವಿಮೆ ಇದೆಯೇ ಎಂದೂ ನೋಡಿ. ಅದು ಇಲ್ಲದಿದ್ದರೆ ಸ್ಟೇರಿಂಗ್ ಹಿಡಿದ ನಿಮಗೇ ಏನಾದರೂ ಆದರೆ ಮನೆಯವರಿಗೆ ಈ ಪಾಲಿಸಿಯಿಂದ ಏನೂ ಬರುವುದಿಲ್ಲ.

ಕಂಪನಿ ಇಲ್ಲ ಅಂದರೆ?

ಕಾರಣವನ್ನು ಬರಹದಲ್ಲಿ ಕೇಳಿ. ಒಪ್ಪಿಗೆಯಾಗದಿದ್ದರೆ ಮೊದಲು ಆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ದೂರು ಕೊಡಬಹುದು. ಫೀಸಿಲ್ಲ, ವಕೀಲರೂ ಬೇಕಿಲ್ಲ, ಆನ್‌ಲೈನ್‌ನಲ್ಲೇ ಕಳಿಸಬಹುದು. ಕಂಪನಿ ಇಲ್ಲ ಅಂದ 1 ವರ್ಷದೊಳಗೆ ಹೋಗಬೇಕು. ಅಲ್ಲಿಯವರೆಗೆ ಅವರು ಕಳಿಸಿದ ಪತ್ರ, ಮೆಸೇಜು ಯಾವುದನ್ನೂ ಅಳಿಸಬೇಡಿ.