ಕುಸಿದವರು ಯಾರೇ ಆಗಿರಲಿ: ಅಮೆರಿಕದಲ್ಲಿ ಸಿಪಿಆರ್ ನೀಡುವ ಬಗೆ

ಅಮೆರಿಕದಲ್ಲಿ 2013ರಿಂದ 2019ರವರೆಗೆ ಆಸ್ಪತ್ರೆಯ ಹೊರಗೆ, ಇತರರ ಕಣ್ಣೆದುರೇ ಸಂಭವಿಸಿದ 1,10,054 ಹೃದಯಸ್ತಂಭನಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಾರ್ವಜನಿಕ ಸ್ಥಳಗಳಲ್ಲಿ ಕುಸಿದ ಬಿಳಿಯರಲ್ಲಿ ಶೇ 60ರಷ್ಟು ಮಂದಿಗೆ ಸುತ್ತಲಿದ್ದವರಿಂದ ಸಿಪಿಆರ್ (ಹೃದಯ ನಿಂತಾಗ ರಕ್ತ ಹರಿಯುತ್ತಿರಲೆಂದು ಎದೆಯನ್ನು ಒತ್ತುವ ತುರ್ತು ನೆರವು) ದೊರೆತರೆ, ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಜನರಲ್ಲಿ ಆ ಪ್ರಮಾಣ ಶೇ 45.6ರಷ್ಟೇ ಇತ್ತು. ಬಡಾವಣೆಯ ಆದಾಯ ಹೆಚ್ಚಿದ್ದಲ್ಲಿಯೂ ಅಂತರ ಉಳಿದಿದ್ದರಿಂದ, ಬಡತನವೊಂದನ್ನೇ ಕಾರಣವೆಂದು ತೋರಿಸಿ ಸುಮ್ಮನಾಗುವಂತಿಲ್ಲ.

ಅಲ್ಲಿ ನೆಲೆಸಿರುವ ಕನ್ನಡಿಗರು ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸವೆಂದರೆ, ಬಿದ್ದವರು ಕುಡಿದಿರಬಹುದೇ ಎಂದು ಊಹಿಸುತ್ತ ನಿಲ್ಲದಿರುವುದು. ಭುಜ ತಟ್ಟಿ ಕೂಗಿದರೂ ಪ್ರತಿಕ್ರಿಯೆಯಿಲ್ಲದೆ, ಉಸಿರಾಟ ನಿಂತಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆದಂತೆ ಕಂಡರೆ (ಇದನ್ನು ಸಹಜ ಉಸಿರಾಟವೆಂದು ಭಾವಿಸಿ ಹಲವರು ಸಮಯ ಕಳೆಯುತ್ತಾರೆ), ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಫೋನನ್ನು ಸ್ಪೀಕರಿನಲ್ಲಿಟ್ಟು, ಅತ್ತಲಿನವರ ಸೂಚನೆಯಂತೆ ಮುಂದುವರಿಯಬೇಕು. ವಯಸ್ಕರಾದರೆ ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈ ಜೋಡಿಸಿ, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಹತ್ತಿರದ ಎಇಡಿ ಯಂತ್ರವನ್ನು (ವಿದ್ಯುತ್ ಆಘಾತ ನೀಡಿ ಹೃದಯಬಡಿತವನ್ನು ಸರಿಪಡಿಸುವ ಸಾಧನ) ತರಲು ಒಬ್ಬರನ್ನು ಬೆರಳು ತೋರಿಸಿ ಕಳುಹಿಸಬೇಕು, ಏಕೆಂದರೆ ಗುಂಪಿಗೆ ಹೇಳಿದ ಮಾತನ್ನು ಯಾರೂ ತಮ್ಮದೆಂದುಕೊಳ್ಳುವುದಿಲ್ಲ.

ಕನ್ನಡ ಕೂಟಗಳು ತರಬೇತಿ ಏರ್ಪಡಿಸುವುದಾದರೆ ಅದನ್ನು ಸದಸ್ಯರಿಗಷ್ಟೇ ಸೀಮಿತಗೊಳಿಸದೆ, ಸ್ಪ್ಯಾನಿಷ್ ಬಲ್ಲ ಬೋಧಕರನ್ನೂ ಕರೆಸಿ, ನೆರೆಹೊರೆಯವರಿಗೆ ಉಚಿತವಾಗಿ ತೆರೆದಿಡುವುದು ಹೆಚ್ಚು ಫಲಕಾರಿ.